ಗಾಜಿನಡಿಯ ಚುಕ್ಕಿ

ಟ್ಯಾಬ್ಲೆಟ್ ಕೊಳ್ಳುವ ಮೊದಲು ನಾವೆಲ್ಲ ಹತ್ತು ಜನರನ್ನು ವಿಚಾರಿಸುತ್ತೇವೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕ್ಯಾಮರಾ ಹೇಗಿದೆ, ಎರಡು ಸಾವಿರ ಹೆಚ್ಚು ಕೊಟ್ಟರೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆಯೇ ಎಂದೆಲ್ಲ ಕೇಳುತ್ತೇವೆ. ಆದರೆ ಅದರ ಮೇಲೆ ಅಂಟಿಸುವ ಗಾಜಿನ ವಿಷಯ ಬಂದಾಗ ಈ ವಿಚಾರಣೆಯೆಲ್ಲ ನಿಂತುಹೋಗುತ್ತದೆ. ಅಂಗಡಿಯವರು ಬಿಲ್ಲು ಬರೆಯುತ್ತಾ "ಸ್ಕ್ರೀನ್ ಗಾರ್ಡ್ ಹಾಕಬೇಕಲ್ಲ?" ಎನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ. ಮುಂದೆ ವರ್ಷಗಟ್ಟಲೆ ನಮ್ಮ ಬೆರಳು ಮುಟ್ಟುವುದು ಟ್ಯಾಬನ್ನಲ್ಲ, ಈ ಗಾಜನ್ನು. ನಮ್ಮ ಕಣ್ಣು ಓದುವುದೂ ಈ ಗಾಜಿನ ಮೂಲಕವೇ ಎಂಬುದು ಆಗ ಯಾರಿಗೂ ಹೊಳೆಯುವುದಿಲ್ಲ.

ಶಾಲೆಗಳು ಮುಚ್ಚಿದ್ದ 2020-21ರಲ್ಲಿ ಅನೇಕ ಮನೆಗಳಿಗೆ ಬಂದಂತೆ ನಮ್ಮ ಮನೆಗೂ ಒಂದು ಟ್ಯಾಬ್ ಬಂತು. ಶಾಲೆಗಳು ತೆರೆದ ಮೇಲೆ ಅದು ಮೆಲ್ಲನೆ ಉಮ್ಮನ ಪಾಲಾಯಿತು. ಎರಡೂ ಕಣ್ಣುಗಳ ಪೊರೆ ತೆಗೆಸಿಕೊಂಡಿರುವ ಉಮ್ಮನಿಗೆ ತಮ್ಮ ಹಳೆಯ ಮುಸ್‌ಹಫ್‌ನ ಸಣ್ಣ ಅಕ್ಷರಗಳನ್ನು ಓದುವುದು ಕಷ್ಟ. ಟ್ಯಾಬಿನಲ್ಲಾದರೆ ಎರಡು ಬೆರಳುಗಳಿಂದ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಸುಬಹಿ ನಮಾಝಿನ ನಂತರ ಮರದ ರೆಹಲಿನ ಮೇಲೆ ಟ್ಯಾಬನ್ನು ಇಟ್ಟುಕೊಂಡು ಅವರು ಕುರ್‌ಆನ್ ಓದುತ್ತಾರೆ. ಏಳು ವರ್ಷದ ಮೊಮ್ಮಗಳು ಪಕ್ಕದಲ್ಲಿ ಕುಳಿತು ಅಕ್ಷರ ಕೂಡಿಸುತ್ತಾಳೆ. ಅದರ ಮೇಲಿದ್ದ ಹಳೆಯ ಗಾರ್ಡು ಗೀರುಬಿದ್ದು ಮೂಲೆಯಲ್ಲಿ ಒಡೆದಾಗ ಹೊಸದನ್ನು ಹಾಕಿಸಬೇಕಾಯಿತು. ಇಷ್ಟೇ ವಿಷಯ. ಆದರೆ ಈ ಸಣ್ಣ ಕೆಲಸ ನಮಗೆ ಗಾಜಿನ ಬಗ್ಗೆಯೂ ವ್ಯಾಪಾರದ ಬಗ್ಗೆಯೂ ಒಂದಿಷ್ಟು ಯೋಚಿಸುವಂತೆ ಮಾಡಿತು.

ಟ್ಯಾಬಿನ ಗಾಜು ಕಿಟಕಿಯ ಗಾಜಿನಂತಲ್ಲ. ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ, ಸುಮಾರು 400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದನ್ನು ಮುಳುಗಿಸಿ ಇಡುತ್ತಾರೆ. ಗಾಜಿನ ಮೇಲ್ಪದರದಲ್ಲಿರುವ ಸಣ್ಣ ಸೋಡಿಯಂ ಅಯಾನುಗಳು ಹೊರಹೋಗಿ, ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಬಂದು ಕೂರುತ್ತವೆ. ತುಂಬಿದ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿಗೆ ಮೂವರು ಒತ್ತಿಕೊಂಡು ಕೂತಂತೆ. ಈ ಒತ್ತಡವೇ ಗಾಜಿಗೆ ಬಲ ಕೊಡುತ್ತದೆ, ಬಿರುಕು ಬಾಯಿಬಿಡದಂತೆ ತಡೆಯುತ್ತದೆ. ಅಂಗಡಿಗಳಲ್ಲಿ ಸಿಗುವ ಒಳ್ಳೆಯ ಟೆಂಪರ್ಡ್ ಗ್ಲಾಸುಗಳನ್ನೂ ಹೀಗೆಯೇ ಗಟ್ಟಿಗೊಳಿಸುತ್ತಾರೆ. ಮೂರನೇ ಒಂದು ಮಿಲಿಮೀಟರಿನಷ್ಟು ತೆಳುವಾದ ಗಾಜನ್ನು ಕಾರಿನ ಗಾಜಿನಂತೆ ಬರೀ ಕಾಯಿಸಿ ತಣಿಸಿ ಗಟ್ಟಿ ಮಾಡಲು ಬರುವುದಿಲ್ಲ.

ಇಷ್ಟು ಬಲವಿರುವ ಗಾಜಿಗೆ ಮತ್ತೊಂದು ಗಾಜು ಏಕೆ ಎಂದು ಕೇಳಬಹುದು. ಉತ್ತರ ನಮ್ಮ ಕರಾವಳಿಯ ಅಂಗಳದಲ್ಲೇ ಇದೆ. ಮರಳಿನಲ್ಲಿರುವ ಸ್ಫಟಿಕಶಿಲೆಯ ಕಣ ಗಾಜಿಗಿಂತ ಗಟ್ಟಿ. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದು 7ನೆಯ ಸ್ಥಾನದಲ್ಲಿದ್ದರೆ ಗಾಜು 6ರ ಆಸುಪಾಸಿನಲ್ಲಿದೆ. ಮಕ್ಕಳ ಚೀಲದ ತಳದಲ್ಲಿ, ಚಾಪೆಯ ಮೇಲೆ, ಒರೆಸುವ ಬಟ್ಟೆಯಲ್ಲಿ ಸೇರಿಕೊಂಡ ಒಂದು ಕಣ ಸಾಕು, ಗೀರು ಬೀಳುತ್ತದೆ. ಆ ಗೀರೇ ಮುಂದೆ ಬಿರುಕಿಗೆ ದಾರಿಯಾಗುತ್ತದೆ. ಕೆಲವು ಟ್ಯಾಬುಗಳಲ್ಲಿ ಮೇಲಿನ ಗಾಜು ಮತ್ತು ಒಳಗಿನ ಪರದೆ ಬೇರೆ ಬೇರೆಯಾಗಿರುತ್ತವೆ. ಅಂಥವುಗಳಲ್ಲಿ ಗಾಜನ್ನಷ್ಟೇ ಬದಲಿಸಬಹುದು. ಎರಡನ್ನೂ ಸೇರಿಸಿ ಅಂಟಿಸಿದವುಗಳಲ್ಲಿ ಸಾಮಾನ್ಯವಾಗಿ ಇಡೀ ಡಿಸ್‌ಪ್ಲೇಯನ್ನೇ ಬದಲಿಸಬೇಕು, ಸಾವಿರಾರು ರೂಪಾಯಿ ಬೇಕು. ಕೆಲವು ನೂರು ರೂಪಾಯಿಯ ಗಾಜು ಆ ಗೀರನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಆದರೆ ಅದು ಎಲ್ಲವನ್ನೂ ತಡೆಯುವ ಗುರಾಣಿಯಲ್ಲ. ಮೂಲೆಯ ಮೇಲೆ ನೆಲಕ್ಕೆ ಬಿದ್ದ ಟ್ಯಾಬನ್ನು ಉಳಿಸುವುದು ಸುತ್ತಲಿನ ರಬ್ಬರ್ ಅಂಚಿನ ಕವರೇ ಹೊರತು ಮೇಲಿನ ಗಾಜಲ್ಲ.

ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು '9ಎಚ್'. ಪೊಟ್ಟಣದ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ವಜ್ರ 10, ಇದು 9, ಅಂದರೆ ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಎಂದು ವಿವರಿಸುವವರೂ ಇದ್ದಾರೆ. ಇದು ನಿಜವಲ್ಲ. 9ಎಚ್ ಎನ್ನುವುದು ಪೆನ್ಸಿಲಿನ ಅಳತೆ. ಚಿತ್ರ ಬರೆಯುವವರು ಬಳಸುವ ಎಚ್‌ಬಿ, 2ಬಿ, 2ಎಚ್ ಪೆನ್ಸಿಲುಗಳಿವೆಯಲ್ಲ, ಅದೇ ಸಾಲಿನ ಅತಿ ಗಟ್ಟಿ ಪೆನ್ಸಿಲು 9ಎಚ್. ಬಣ್ಣದ ಲೇಪ ಎಷ್ಟು ಗಟ್ಟಿ ಎಂದು ನೋಡಲು ಇಂಥ ಪೆನ್ಸಿಲುಗಳನ್ನು ಅದರ ಮೇಲೆ ಒತ್ತಿ ಎಳೆಯುವ ಪರೀಕ್ಷೆಯೊಂದಿದೆ. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನದು. ಅದು ಗೀರದ ಗಾಜು ಮರಳಿಗೂ ಜಗ್ಗುವುದಿಲ್ಲ ಎಂದು ಹೇಳಲಾಗದು.

ಇನ್ನೊಂದು ಪ್ರದರ್ಶನವೂ ಉಂಟು. ಅಂಗಡಿಯವರು ಬೀಗದ ಕೈಯಿಂದಲೋ ಚಾಕುವಿನಿಂದಲೋ ಗಾಜಿನ ಮೇಲೆ ಗೀಚಿ ತೋರಿಸುತ್ತಾರೆ. ಗೀರು ಬೀಳುವುದಿಲ್ಲ, ನೋಡಿದವರು ಬೆರಗಾಗುತ್ತಾರೆ. ಆದರೆ ಹಿತ್ತಾಳೆಯ ಬೀಗದ ಕೈ ಗಾಜಿಗಿಂತ ಮೆದು. ಸಾಮಾನ್ಯ ಚಾಕುವಿನ ಉಕ್ಕೂ ಟ್ಯಾಬಿನ ಗಾಜನ್ನು ಸುಲಭವಾಗಿ ಗೀರಲಾರದು. ಗಾರ್ಡು ಇಲ್ಲದ ಬರಿ ಟ್ಯಾಬಿನ ಮೇಲೆ ಗೀಚಿದ್ದರೂ ಬಹುಮಟ್ಟಿಗೆ ಅದೇ ಆಗುತ್ತಿತ್ತು. ಒಂದು ಚಿಟಿಕೆ ಮರಳು ತಂದು ಉಜ್ಜಿ ತೋರಿಸಿದ ಅಂಗಡಿಯನ್ನು ಮಾತ್ರ ನಾವು ಈವರೆಗೆ ಕಂಡಿಲ್ಲ.

ನಮ್ಮ ಮುಂದೆ ಇದ್ದ ಆಯ್ಕೆಗಳು ಮೂರು. ಮೊದಲನೆಯದು ಪ್ಲಾಸ್ಟಿಕ್ ಹಾಳೆ. ಅಗ್ಗ, ಹಗುರ, ಒಡೆಯುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ. ಎರಡನೆಯದು ಹೊಳಪಿನ ಗಾಜು. ಮೂರನೆಯದು ಮ್ಯಾಟ್, ಅಂದರೆ ಬೆಳಕು ಪ್ರತಿಫಲಿಸದ ಒರಟು ಮೇಲ್ಮೈಯದು. ಉಮ್ಮನಿಗೆ ಟ್ಯೂಬ್‌ಲೈಟಿನ ಬೆಳಕು ಪರದೆಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ. ಹಾಗಾಗಿ ಮ್ಯಾಟ್ ಒಳ್ಳೆಯದೆಂದು ನಮಗೆಲ್ಲ ಅನಿಸಿತ್ತು. ಅಂಗಡಿಯಲ್ಲಿ ಮ್ಯಾಟ್ ಹಾಕಿದ್ದ ಟ್ಯಾಬೊಂದಿತ್ತು. ಅದರಲ್ಲಿ ಮುಸ್‌ಹಫ್‌ನ ಪುಟವೊಂದನ್ನು ತೆರೆದು ಉಮ್ಮನ ಕೈಗೆ ಕೊಟ್ಟೆವು. ಅವರು ನಾಲ್ಕು ಸಾಲು ಓದಿ, "ಬೆಳಕೇನೋ ಚುಚ್ಚುವುದಿಲ್ಲ, ಆದರೆ ಅಕ್ಷರದ ಮೇಲೆಲ್ಲ ಸಕ್ಕರೆ ಉದುರಿದ ಹಾಗೆ ಕಾಣುತ್ತದೆ" ಎಂದರು.

ಅವರು ಹೇಳಿದ್ದು ಸರಿಯೇ. ಮ್ಯಾಟ್ ಮೇಲ್ಮೈ ಹೊರಗಿನ ಬೆಳಕನ್ನು ಚದುರಿಸುವಂತೆ ಒಳಗಿನಿಂದ ಬರುವ ಬೆಳಕನ್ನೂ ಚದುರಿಸುತ್ತದೆ. ಸಿನಿಮಾ ನೋಡುವವರಿಗೆ, ಪೆನ್ನಿನಿಂದ ಚಿತ್ರ ಬಿಡಿಸುವವರಿಗೆ ಅದು ತೊಂದರೆಯಲ್ಲ. ಪೆನ್ನು ಜಾರದೆ ಕಾಗದದ ಮೇಲೆ ಬರೆದಂತೆ ಇರುತ್ತದೆ ಎಂದು ಅದನ್ನೇ ಬಯಸಿ ಕೊಳ್ಳುವವರಿದ್ದಾರೆ. ಆದರೆ ಸಣ್ಣ ಚುಕ್ಕಿ, ಗೆರೆಗಳನ್ನು ಗುರುತಿಸಿ ಓದಬೇಕಾದವರಿಗೆ ಅದು ಹೊಂದುವುದಿಲ್ಲ. ಕೊನೆಗೆ ಹೊಳಪಿನ ಗಾಜನ್ನೇ ಆರಿಸಿದೆವು. ಟ್ಯೂಬ್‌ಲೈಟಿಗೆ ಬೆನ್ನು ಹಾಕಿ ಕೂರುವ ಉಮ್ಮನ ಜಾಗವನ್ನು ಬದಲಿಸಿ, ಬೆಳಕು ಪಕ್ಕದಿಂದ ಬರುವ ಹಾಗೆ ಮಾಡಿದೆವು. ಗಾರ್ಡಿನಿಂದ ಬಗೆಹರಿಯದ್ದು ಚಾಪೆಯನ್ನು ತಿರುಗಿಸಿದಾಗ ಬಗೆಹರಿಯಿತು.

ಗಾಜನ್ನು ಅಂಗಡಿಯವರೇ ಅಂಟಿಸಿಕೊಟ್ಟರು. ರಸ್ತೆಗೆ ತೆರೆದ ಕೌಂಟರು, ತಲೆಯ ಮೇಲೆ ತಿರುಗುವ ಫ್ಯಾನು, ಸಂಜೆಯ ಗಿರಾಕಿಗಳ ನೂಕುನುಗ್ಗಲು. ಮನೆಗೆ ಬಂದು ನೋಡಿದರೆ ಪರದೆಯ ಮಧ್ಯಭಾಗಕ್ಕೆ ಸ್ವಲ್ಪ ಮೇಲೆ, ಗಾಜಿನಡಿಯಲ್ಲಿ ಒಂದು ಧೂಳಿನ ಕಣ ಕುಳಿತಿತ್ತು. ಸಾಸಿವೆಗಿಂತ ಚಿಕ್ಕದು. ಆಟವಾಡುವ ಟ್ಯಾಬಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೊಮ್ಮಗಳು ಓದುತ್ತಿದ್ದಳು. 'ಹಾ' ಎಂದು ಓದಬೇಕಾದಲ್ಲಿ ಅವಳು 'ಖಾ' ಎಂದಳು. ಉಮ್ಮ ತಿದ್ದಿದರು. ಅವಳು ಒಪ್ಪಲಿಲ್ಲ. "ಮೇಲೆ ಚುಕ್ಕಿ ಇದೆಯಲ್ಲ ಉಮ್ಮುಮ್ಮ, ನೋಡಿ" ಎಂದು ಬೆರಳಿಟ್ಟು ತೋರಿಸಿದಳು. ಚುಕ್ಕಿ ಇತ್ತು. ಪುಟವನ್ನು ಸರಿಸಿದರೆ ಅಕ್ಷರಗಳೆಲ್ಲ ಸರಿದವು, ಆ ಚುಕ್ಕಿ ಮಾತ್ರ ಇದ್ದಲ್ಲೇ ಇದ್ದು ಇನ್ನೊಂದು ಅಕ್ಷರದ ನೆತ್ತಿಯ ಮೇಲೆ ಕುಳಿತಿತು.

ಅರಬಿ ಲಿಪಿಯನ್ನು ಬಲ್ಲವರಿಗೆ ಇದರ ಗಂಭೀರತೆ ಕೂಡಲೇ ಅರ್ಥವಾಗುತ್ತದೆ. ಒಂದೇ ಆಕಾರದ ಅಕ್ಷರದಲ್ಲಿ ಚುಕ್ಕಿ ಹೊಟ್ಟೆಯೊಳಗಿದ್ದರೆ 'ಜೀಮ್', ಮೇಲಿದ್ದರೆ 'ಖಾ', ಚುಕ್ಕಿಯೇ ಇಲ್ಲದಿದ್ದರೆ 'ಹಾ'. 'ಖಲಕ' ಎಂದರೆ ಸೃಷ್ಟಿಸಿದನು, 'ಹಲಕ' ಎಂದರೆ ಬೋಳಿಸಿದನು. ನಡುವೆ ಇರುವುದು ಒಂದು ಚುಕ್ಕಿ ಮಾತ್ರ. ಕನ್ನಡ ಓದುವವರಿಗೂ ಇದು ಹೊಸದಲ್ಲ. 'ದನ' ಮತ್ತು 'ಧನ'ದ ನಡುವೆ ಇರುವುದೂ ಒಂದು ಸಣ್ಣ ಸೀಳು. ಕುರ್‌ಆನಿನ ಅತಿ ಹಳೆಯ ಪ್ರತಿಗಳಲ್ಲಿ ಚುಕ್ಕಿಗಳು ಬಹಳ ಕಡಿಮೆ, ಸ್ವರಚಿಹ್ನೆಗಳು ಇರಲಿಲ್ಲ. ಇಸ್ಲಾಮ್ ಅರಬಿ ಮಾತೃಭಾಷೆಯಲ್ಲದ ನಾಡುಗಳಿಗೂ ಹರಡಿದಂತೆ ಓದು ತಪ್ಪಬಾರದೆಂಬ ಕಾಳಜಿ ಬೆಳೆಯಿತು. ಸ್ವರಗಳನ್ನು ಗುರುತಿಸಲು ಚುಕ್ಕಿಗಳನ್ನು ಇಡುವ ಪದ್ಧತಿಯನ್ನು ಏಳನೆಯ ಶತಮಾನದ ಅಬುಲ್ ಅಸ್ವದ್ ಅದ್ದುಅಲಿಯವರ ಹೆಸರಿಗೂ, ಇಂದು ಬಳಕೆಯಲ್ಲಿರುವ ಸ್ವರಚಿಹ್ನೆಗಳನ್ನು ಎಂಟನೆಯ ಶತಮಾನದ ಖಲೀಲ್ ಬಿನ್ ಅಹ್ಮದರ ಹೆಸರಿಗೂ ಪರಂಪರೆ ಜೋಡಿಸುತ್ತದೆ. ದೂರದ ನಾಡಿನ ಒಂದು ಮಗು ತಪ್ಪಿಲ್ಲದೆ ಓದಲಿ ಎಂದು ಅವರು ಅಷ್ಟು ಶ್ರಮಪಟ್ಟರು. ಆ ಶ್ರಮದ ಮೇಲೆ ನಮ್ಮ ಪೇಟೆಯ ಧೂಳು ತನ್ನದೊಂದು ಚುಕ್ಕಿಯನ್ನು ಇಟ್ಟಿತ್ತು.

ಟ್ಯಾಬನ್ನು ಅಂಗಡಿಗೆ ಒಯ್ದು ತೋರಿಸಿದೆವು. "ಅದು ಗಾಳಿಗುಳ್ಳೆ, ಎರಡು ದಿನದಲ್ಲಿ ತಾನಾಗಿ ಹೋಗುತ್ತದೆ" ಎಂಬ ಉತ್ತರ ಬಂತು. ಬರಿ ಗಾಳಿಯ ಸಣ್ಣ ಗುಳ್ಳೆಯಾದರೆ ಒಂದೆರಡು ದಿನಗಳಲ್ಲಿ ಹೋಗುವುದುಂಟು. ಆದರೆ ನಡುವೆ ಧೂಳು ಇರುವ ಗುಳ್ಳೆ ಎಷ್ಟು ದಿನ ಕಾದರೂ ಹೋಗುವುದಿಲ್ಲ. ಅಷ್ಟು ಗಾಜುಗಳನ್ನು ಅಂಟಿಸಿದ ಕೈಗಳಿಗೆ ಇದು ಗೊತ್ತಿರದೆ ಇರುತ್ತದೆಯೇ? ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒಳಗೆ ಒದ್ದೆಯಾಗಿರುವುದನ್ನು ಕಂಡ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ ಅವರು ಕೇಳಿದ್ದು, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು. ಧಾನ್ಯ ನೆನೆದದ್ದು ಅಲ್ಲಿ ಅಪರಾಧವಾಗಿರಲಿಲ್ಲ, ಅದನ್ನು ಅಡಿಯಲ್ಲಿ ಅಡಗಿಸಿದ್ದು ಅಪರಾಧವಾಗಿತ್ತು. ಗಾಜಿನಡಿ ಧೂಳು ಸೇರುವುದೂ ಹಾಗೆಯೇ. ಅದು ಯಾರ ಕೈಯಲ್ಲೂ ಆಗಬಹುದು. ಅದನ್ನು ಗಾಳಿ ಎಂದು ಹೇಳಿ ಕಳುಹಿಸುವುದು ಬೇರೆ ಮಾತು.

ಹೀಗೆ ಹೇಳುವಾಗ ಇನ್ನೊಬ್ಬ ಹುಡುಗನ ವಿಷಯವನ್ನೂ ಹೇಳಬೇಕು. ಮತ್ತೊಂದು ಸಣ್ಣ ಅಂಗಡಿಯಲ್ಲಿ ಹೊಸ ಗಾಜು ಕೇಳಿದಾಗ ಅವನು ಮೊದಲು ಟ್ಯಾಬಿನ ಮಾದರಿ ಸಂಖ್ಯೆಯನ್ನು ತೆಗೆಸಿ ನೋಡಿದ. ಹತ್ತು ಇಂಚು ಎಂದರೆ ಸಾಲದು ಎಂದ. ಅವನ ಮಾತು ನಿಜ. ಸ್ಯಾಮ್‌ಸಂಗ್‌ನ 2020ರ ಟ್ಯಾಬ್ ಎ7ರ ಪರದೆ 10.4 ಇಂಚು, 2021ರ ಕೊನೆಯಲ್ಲಿ ಘೋಷಣೆಯಾದ ಎ8ರದ್ದು 10.5 ಇಂಚು. ಒಂದರ ಗಾಜು ಇನ್ನೊಂದಕ್ಕೆ ಕೂರುವುದಿಲ್ಲ. ಆಮೇಲೆ ಹೊರಗಿನ ರಸ್ತೆಯನ್ನು ತೋರಿಸಿ, "ಇಲ್ಲಿ ಹಾಕಿದರೆ ಮತ್ತೆ ಧೂಳು ಕೂರುತ್ತದೆ ಅಣ್ಣಾ. ಫೋನಾದರೆ ಹೇಗೋ ಹಾಕುತ್ತೇನೆ, ಇದು ದೊಡ್ಡದು. ಮನೆಯಲ್ಲೇ ಹಾಕಿ, ಹೇಗೆಂದು ತೋರಿಸುತ್ತೇನೆ" ಎಂದ. ಅಂಟಿಸುವ ಕೂಲಿಯನ್ನು ಅವನು ಬಿಟ್ಟುಕೊಟ್ಟ. ನೆನೆದ ಧಾನ್ಯವನ್ನು ಮೇಲೆ ಇಟ್ಟವನು ಅವನು ಎಂದು ನಮಗೆ ಅನಿಸಿತು.

ಅವನು ಹೇಳಿಕೊಟ್ಟ ಕ್ರಮ ಹೀಗಿದೆ. ಬಿಸಿನೀರಿನ ಸ್ನಾನವಾದ ಮೇಲೆ ಬಚ್ಚಲುಮನೆಯಲ್ಲಿ ಸ್ವಲ್ಪ ಹೊತ್ತು ಹಬೆ ಇರುತ್ತದೆ. ತೇಲುವ ಧೂಳು ಆ ತೇವಕ್ಕೆ ಕೆಳಗೆ ಕೂರುತ್ತದೆ. ಅಲ್ಲೇ ಪಕ್ಕದಲ್ಲಿ, ಫ್ಯಾನು ಆರಿಸಿ ಕೆಲಸ ಮಾಡಬೇಕು. ಹಳೆಯ ಗಾಜನ್ನು ಒಂದು ಮೂಲೆಯಿಂದ ನಿಧಾನವಾಗಿ ಎಬ್ಬಿಸಬೇಕು. ಪರದೆಯನ್ನು ಮೊದಲು ಪೊಟ್ಟಣದಲ್ಲಿರುವ ಒದ್ದೆ ಕಾಗದದಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸಬೇಕು. ಹೊಸ ಗಾಜನ್ನು ಹಿಂಬದಿಯ ಹಾಳೆ ತೆಗೆಯದೆಯೇ ಪರದೆಯ ಮೇಲೆ ಸರಿಯಾಗಿ ಕೂರಿಸಿ, ಕ್ಯಾಮರಾದ ತೂತು ಹೊಂದಿದೆಯೇ, ಕವರಿನ ಅಂಚು ತಾಗುತ್ತದೆಯೇ ಎಂದು ನೋಡಿ, ಒಂದು ಉದ್ದ ಬದಿಗೆ ಎರಡು ಮೂರು ಕಡೆ ಅಂಟುಪಟ್ಟಿ ಹಾಕಬೇಕು. ಈಗ ಅದು ಬಾಗಿಲಿನಂತೆ ತೆರೆದು ಮುಚ್ಚುತ್ತದೆ, ಆಚೀಚೆ ಜಾರುವುದಿಲ್ಲ. ಬಾಗಿಲನ್ನು ಎತ್ತಿ ಹಿಡಿದು, ಪರದೆಯ ಮೇಲೆ ಉಳಿದ ಕಣಗಳನ್ನು ಅಂಟುಪಟ್ಟಿಯ ತುಂಡಿನಿಂದ ಒತ್ತಿ ತೆಗೆದು, ಆಮೇಲೆ ಹಿಂಬದಿಯ ಹಾಳೆಯನ್ನು ಸುಲಿಯಬೇಕು. ಸುಲಿದ ಗಾಜನ್ನು ಹಿಡಿದುಕೊಂಡು ನಿಲ್ಲಬಾರದು, ಅದು ಧೂಳನ್ನು ತನ್ನೆಡೆಗೆ ಸೆಳೆಯುತ್ತದೆ. ಮೆಲ್ಲನೆ ಇಳಿಸಿ ನಡುವೆ ಒಮ್ಮೆ ಬೆರಳಿನಿಂದ ಒತ್ತಿದರೆ ಅಂಟು ನೀರಿನಂತೆ ಅಂಚಿನವರೆಗೆ ತಾನಾಗಿ ಹರಿಯುತ್ತದೆ.

ಮಳೆಗಾಲದ ಒಂದು ಬೆಳಿಗ್ಗೆ ನಾವು ಹಾಗೆಯೇ ಮಾಡಿದೆವು. ಕೆಂಪು ಮಣ್ಣಿನ ಧೂಳು ಹಾರುವ ಬೇಸಿಗೆಗಿಂತ ಆ ದಿನಗಳೇ ಈ ಕೆಲಸಕ್ಕೆ ಒಳ್ಳೆಯವು. ಒಂದು ಮೂಲೆಯಲ್ಲಿ ಕಣವೊಂದು ಸೇರಿತು. ಗಾಜನ್ನು ಅಷ್ಟೇ ಎಬ್ಬಿಸಿ ಅಂಟುಪಟ್ಟಿಯಿಂದ ತೆಗೆದೆವು. ಉಮ್ಮ ಕನ್ನಡಕ ಹಾಕಿಕೊಂಡು, ಪರದೆಯಲ್ಲಿ ಬರಿ ಬಿಳಿಯ ಪುಟವನ್ನು ತೆರೆಸಿ ಮೂಲೆಯಿಂದ ಮೂಲೆಗೆ ನೋಡಿದರು. ಆಮೇಲೆ ಮೊಮ್ಮಗಳನ್ನು ಕರೆದು ಅವಳಿಂದಲೂ ನೋಡಿಸಿದರು.

ಮೊದಲ ಅಂಗಡಿಯ ಕೆಲಸಗಾರರ ಮೇಲೆ ನಮಗೆ ಸಿಟ್ಟಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನಿಂತು ಗಾಜು ಅಂಟಿಸುವ ಹುಡುಗರಿಗೆ ಬಾಗಿಲು ಮುಚ್ಚಿದ ಒಂದು ಮೂಲೆಯನ್ನಾಗಲಿ, ಹತ್ತು ನಿಮಿಷದ ಸಮಯವನ್ನಾಗಲಿ ಕೊಡುವವರಿಲ್ಲ. ಗಿರಾಕಿಗಳಾದ ನಾವೂ ಬೇಗ ಬೇಗ ಎನ್ನುತ್ತೇವೆ. ಆದರೆ ಕೇಳಬೇಕಾದ್ದನ್ನು ಕೇಳುವುದರಿಂದ ಯಾರಿಗೂ ನಷ್ಟವಿಲ್ಲ. ಇದು ಯಾವ ಮಾದರಿಗೆ, ಅಂಟಿಸುವಾಗ ಧೂಳು ಸೇರಿದರೆ ಬದಲಿಸಿಕೊಡುತ್ತೀರಾ, ಈ ಟ್ಯಾಬಿನಲ್ಲಿ ಓದುವವರು ಯಾರು ಎಂಬುದನ್ನೆಲ್ಲ ಬಿಲ್ಲಿಗೆ ಮೊದಲೇ ಮಾತಾಡಿಕೊಳ್ಳಬಹುದು. ಕೊನೆಯ ಪ್ರಶ್ನೆಯನ್ನು ಅಂಗಡಿಯವರು ಕೇಳದಿದ್ದರೆ ನಾವೇ ಹೇಳಬೇಕು.

ಈ ಗಾಜೂ ಒಂದು ದಿನ ಒಡೆಯುತ್ತದೆ. ಒಡೆದ ಗಾಜಿನ ಮೇಲೆ ಬೆರಳಾಡಿಸುವುದನ್ನು ಮುಂದುವರಿಸಬಾರದು, ಸಣ್ಣ ಚೂರುಗಳು ಮಕ್ಕಳ ಚರ್ಮಕ್ಕೆ ಹೊಕ್ಕುತ್ತವೆ. ತೆಗೆದದ್ದನ್ನು ಹಾಗೆಯೇ ಕಸದ ಚೀಲಕ್ಕೆ ಎಸೆಯಬಾರದು. ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು, ಬೇರೆಯಾಗಿ ಕೊಡಬೇಕು. ಬೆಳಿಗ್ಗೆ ನಮ್ಮ ಕಸವನ್ನು ಎತ್ತಿಕೊಳ್ಳುವ ಪೌರಕಾರ್ಮಿಕರಲ್ಲಿ ಎಷ್ಟೋ ಜನರ ಕೈಗೆ ಇಂದಿಗೂ ಕವಚವಿಲ್ಲ.