ಹನಿಯ ಲೆಕ್ಕ

ಮಲೆನಾಡಿನಲ್ಲಿ ಮಳೆಯನ್ನು ಇಂಚಿನಲ್ಲಿ ಹೇಳುವ ರೂಢಿ ಇನ್ನೂ ಹೋಗಿಲ್ಲ. ‘ನಿನ್ನೆ ನಿಮ್ಮಲ್ಲಿ ಎಷ್ಟು?’ ಎಂದರೆ ‘ನಾಲ್ಕು ಇಂಚು’ ಎಂಬ ಉತ್ತರ ಬರುತ್ತದೆ. ಅದನ್ನು ಅಳೆದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಮಳೆಮಾಪಕಗಳನ್ನು ಪರೀಕ್ಷಿಸಿ ಸರಿಪಡಿಸುವ ಕೆಲಸಕ್ಕೆ ಬಂದ ಮೇಲೆ ನನಗೆ ಆ ಪ್ರಶ್ನೆಯೇ ದೊಡ್ಡದಾಯಿತು.

ನಾವು ಬಳಸುವ ಮಾಪಕದ ಬಾಯಿಯ ವ್ಯಾಸ 20 ಸೆಂಟಿಮೀಟರ್. ಒಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲು. 0.2 ಮಿಲಿಮೀಟರ್ ಮಳೆ, ಅಂದರೆ 6.28 ಮಿಲಿಲೀಟರ್ ನೀರು ತುಂಬಿದೊಡನೆ ಒಂದು ಬಟ್ಟಲು ಮಗುಚಿ ಇನ್ನೊಂದು ಮೇಲೇಳುತ್ತದೆ. ಪ್ರತಿ ಸಲ ಮಗುಚಿದಾಗಲೂ ಅದರ ಆಯಸ್ಕಾಂತ ಒಂದು ಸ್ವಿಚ್ಚನ್ನು ಮುಟ್ಟಿಸಿದಂತೆ ಮಾಡುತ್ತದೆ. ಡೇಟಾ ಲಾಗರ್ ‘ಒಂದು’ ಎಂದು ಎಣಿಸುತ್ತದೆ. ಲಾಗರಿಗೆ ಮಳೆ ಗೊತ್ತಿಲ್ಲ. ನಾವು ಪ್ರೋಗ್ರಾಮಿನಲ್ಲಿ ಬರೆದ ಸಂಖ್ಯೆಯಿಂದ ಗುಣಿಸುವುದಷ್ಟೇ ಅದರ ಕೆಲಸ.

ಪರೀಕ್ಷೆ ಸರಳ. ಲಾಳಿಕೆಯ ಕಸ ತೆಗೆದು, ಮಾಪಕ ಮಟ್ಟಸವಾಗಿ ಕೂತಿದೆಯೇ ನೋಡಬೇಕು. ಆಮೇಲೆ 628 ಮಿಲಿಲೀಟರ್ ನೀರನ್ನು ಅಳೆದು ಹನಿಹನಿಯಾಗಿ ಬಿಡಬೇಕು. ಎಣಿಕೆ 100 ಬರಬೇಕು. ಒಂದು ಮಾಪಕದಲ್ಲಿ ಆ ನೀರನ್ನು ಒಂದು ತಾಸಿನಲ್ಲಿ ಬಿಟ್ಟಾಗ 99 ಬಂತು. ಅಷ್ಟೇ ನೀರನ್ನು 12 ನಿಮಿಷದಲ್ಲಿ ಬಿಟ್ಟಾಗ 95. ಬಟ್ಟಲು ಮಗುಚುವ ಅರೆಕ್ಷಣದಲ್ಲೂ ಮೇಲಿನಿಂದ ನೀರು ಬೀಳುತ್ತಲೇ ಇರುತ್ತದೆ. ಅದು ತುಂಬಿದ ಬಟ್ಟಲಿಗೇ ಸೇರಿ ಎಣಿಕೆಗೆ ಸಿಗದೆ ಹೋಗುತ್ತದೆ. ಮಳೆ ಜೋರಾದಷ್ಟೂ ಈ ಸೋರಿಕೆ ಹೆಚ್ಚು.

ಅಂದರೆ ಜಿಟಿಜಿಟಿ ಮಳೆಯನ್ನು ಹೆಚ್ಚುಕಡಿಮೆ ಸರಿಯಾಗಿ ಅಳೆಯುವ ಯಂತ್ರ, ಪುನರ್ವಸು, ಪುಷ್ಯದ ಅಬ್ಬರದಲ್ಲಿ ತಪ್ಪುತ್ತದೆ. ಅಡಿಕೆಗೆ ಕೊಳೆರೋಗ ಹಬ್ಬುವುದೂ ಅಂಥ ಮಳೆಯಲ್ಲೇ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿಗದಿಯಾಗುವುದು ಇಂಥ ಉಪಕರಣಗಳ ಅಂಕಿಗಳಿಂದ, ತೋಟದಲ್ಲಿ ಉದುರಿದ ಕಾಯಿ ನೋಡಿ ಅಲ್ಲ. 100 ಮಿಲಿಮೀಟರ್ ಸುರಿದದ್ದು 95 ಎಂದು ದಾಖಲಾದರೆ, ಆ ಐದರಲ್ಲಿ ಯಾರದೋ ಮನೆಯ ವರ್ಷದ ಖರ್ಚು ಅಡಗಿರಬಹುದು.

ಹಾಗಾಗಿ ಒಂದೇ ಗುಣಕ ಸಾಲದು. ಬಟ್ಟಲು ಎಷ್ಟು ಬೇಗಬೇಗ ಮಗುಚುತ್ತಿದೆ ಎಂದು ನೋಡಿ ತಕ್ಕ ಗುಣಕ ಆರಿಸಿಕೊಳ್ಳುವಂತೆ ಪ್ರೋಗ್ರಾಮ್ ಬರೆಯುತ್ತೇವೆ. ಆ ಮಾಪಕಕ್ಕೆ ನಿಧಾನದ ಮಳೆಯಲ್ಲಿ 0.202, ಜೋರಿನಲ್ಲಿ 0.211. ತಿದ್ದುವ ಮುಂಚಿನ ಎಣಿಕೆಯನ್ನೂ ಬೇರೆಯಾಗಿ ಉಳಿಸುತ್ತೇವೆ. ನಾಳೆ ಯಾರಾದರೂ ನಮ್ಮ ಗುಣಕವನ್ನೇ ಪ್ರಶ್ನಿಸಿದರೆ ತೋರಿಸಲು ಅದು ಬೇಕು.

ಪಕ್ಕದಲ್ಲೇ ಹಳೆಯ ಸೈಮನ್ಸ್ ಮಾಪಕವೊಂದು ನಿಂತಿರುತ್ತದೆ. ಬೆಳಿಗ್ಗೆ 8.30ಕ್ಕೆ ಅದರ ನೀರನ್ನು ಅಳತೆಗಾಜಿಗೆ ಸುರಿದು ನೋಡುವವರೆಗೆ ಲಾಗರಿನ ಅಂಕಿಯನ್ನು ನಾನು ಪುಸ್ತಕಕ್ಕೆ ಬರೆಯುವುದಿಲ್ಲ.