ಆಳಿಸಿಕೊಂಡವರ ಕಥೆ

ಇಂಗ್ಲಿಷರ ರಾಜ್ಯದಲ್ಲಿ ಸೂರ್ಯ ಮುಳುಗುವುದಿಲ್ಲವೆಂಬ ಮಾತನ್ನು ನಮ್ಮ ಅಜ್ಜಂದಿರು ಕೇಳಿ ಕೇಳಿ ಬೇಸತ್ತಿದ್ದರು. ಅದೇ ಬ್ರಿಟನ್ ದ್ವೀಪ ಒಂದು ಕಾಲಕ್ಕೆ ಪರರ ಅಡಿಯಾಳಾಗಿತ್ತೆಂಬುದನ್ನು ಮಾತ್ರ ಅಷ್ಟು ಗಟ್ಟಿಯಾಗಿ ಯಾರೂ ಹೇಳಿದಂತಿಲ್ಲ. ಕ್ರಿ.ಶ. 43ರಲ್ಲಿ ರೋಮಿನ ದಂಡು ಅಲ್ಲಿ ಇಳಿಯಿತು. ಅವರ ಆಳಿಕೆ ಮುಗಿದದ್ದು 410ರ ಸುಮಾರಿಗೆ. ಅಷ್ಟು ದೀರ್ಘ ಕಾಲ ಪರರ ಕೈಕೆಳಗೆ ಬಾಳಿದ ಜನ ತಮ್ಮ ಬಗ್ಗೆ ಏನು ಬರೆದಿಟ್ಟರು? ಏನೂ ಇಲ್ಲವೆಂದರೂ ಸಲ್ಲುತ್ತದೆ. ಅವರ ಕಥೆಯನ್ನು ಬರೆದವರು ಆಳಿದವರು.

ಸರ್ಕಾರಿ ಕಚೇರಿಯಲ್ಲಿ ಕಾರಕೂನಿಕೆ ಮಾಡುವ ನಮಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಕಡತದಲ್ಲಿ ಬಂದದ್ದು ನಡೆದದ್ದು. ಬಾರದ್ದು ನಡೆಯಲೇ ಇಲ್ಲ. ಬ್ರಿಟನ್ನಿನ ರಾಣಿ ಬೂಡಿಕಾಳ ಹೆಸರು ಉಳಿದಿರುವುದೂ ರೋಮಿನ ಕಡತದಲ್ಲಿಯೇ. ಅವಳ ದಂಗೆಯನ್ನು ಬರೆದಿಟ್ಟ ಟ್ಯಾಸಿಟಸನ ಮಾವ ಅಗ್ರಿಕೋಲ ಬ್ರಿಟನ್ನಿನ ಅಧಿಕಾರಿಯಾಗಿದ್ದವನು! ಆ ಬರಹದಂತೆ, ಅವಳ ಗಂಡ ಸಾಯುವಾಗ ರೋಮಿನ ಚಕ್ರವರ್ತಿಯನ್ನೂ ತನ್ನಿಬ್ಬರು ಹೆಣ್ಣುಮಕ್ಕಳನ್ನೂ ಕೂಡಿಯೇ ವಾರಸುದಾರರನ್ನಾಗಿ ಮಾಡಿದ್ದ. ಅರ್ಧ ಕೊಟ್ಟರೆ ಉಳಿದರ್ಧವಾದರೂ ಉಳಿದೀತೆಂಬ ಆಸೆ. ರೋಮಿನವರು ಎಲ್ಲವನ್ನೂ ಕಸಿದು, ರಾಣಿಗೆ ಛಡಿಯೇಟು ಹಾಕಿದರು. ಅವಳು ಕುಲಗಳನ್ನೆಲ್ಲ ಕೂಡಿಸಿ ಲಂಡನ್ ಪಟ್ಟಣವನ್ನೇ ಸುಟ್ಟಳು; ಕೊನೆಗೆ ಸೋತಳು.

ಈ ಸಂಗತಿಯನ್ನು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳುತ್ತಿದ್ದಾಗ ನಮ್ಮ ಮಗಳು ತುತ್ತು ಕೈಯಲ್ಲೇ ಹಿಡಿದು, "ಅಪ್ಪಾ, ಇದು ನಮ್ಮ ಕಿತ್ತೂರಿನ ಕಥಿನೇ ಅಲ್ಲೇನು?" ಎಂದಳು. ಮಗುವಿನ ಮಾತು ಸುಳ್ಳಲ್ಲ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ಕಲೆಕ್ಟರ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಅವನು ಬಿದ್ದ. ಡಿಸೆಂಬರಿನಲ್ಲಿ ಕಿತ್ತೂರೂ ಬಿತ್ತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. ಹೀಗೆ ಚೆನ್ನಮ್ಮನನ್ನು ಸೆರೆಯಲ್ಲಿಟ್ಟ ಇಂಗ್ಲಿಷರೇ 1902ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬೂಡಿಕಾಳ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು! ತಮ್ಮ ನೆಲದ ದಂಗೆ ಶೌರ್ಯ. ನಮ್ಮ ನೆಲದ್ದು ಬಂಡಾಯ.

ಕಥೆ ಕಾದಂಬರಿಗಳಲ್ಲಿಯೂ ಇದೇ ಪಾಡು. ಕಿಪ್ಲಿಂಗನು 1906ರ ತನ್ನ ಮಕ್ಕಳ ಪುಸ್ತಕವೊಂದರಲ್ಲಿ ಗಡಿಗೋಡೆ ಕಾಯುವ ರೋಮನ್ ಅಧಿಕಾರಿಯ ಕಥೆ ಹೇಳುತ್ತಾನೆ. ಓದಿದರೆ ನಮ್ಮ ವಾಯವ್ಯ ಗಡಿಯ ಇಂಗ್ಲಿಷ್ ಸಾಹೇಬನೇ ರೋಮನ್ ಅಂಗಿ ತೊಟ್ಟು ಬಂದಂತಿದೆ. ರೋಸ್‌ಮರಿ ಸಟ್‌ಕ್ಲಿಫ್ ಎಂಬ ಲೇಖಕಿ 1954ರಲ್ಲಿ ಬರೆದ 'ದಿ ಈಗಲ್ ಆಫ್ ದಿ ನೈಂತ್' ಇದಕ್ಕಿಂತ ಹೃದಯವುಳ್ಳ ಪುಸ್ತಕ. ಅದರಲ್ಲಿ ಎಸ್ಕಾ ಎಂಬ ಬ್ರಿಟನ್ ಗುಲಾಮನಿದ್ದಾನೆ. ತನ್ನವರ ಮನಸ್ಸು ರೋಮಿನವರ ಮನಸ್ಸಿನಂತಲ್ಲವೆಂದು ಚೆನ್ನಾಗಿ ಮಾತಾಡುತ್ತಾನೆ. ಆದರೆ ಗುಲಾಮಗಿರಿ ಕಳಚಿದ ಮೇಲೂ ಯಜಮಾನನ ಜೊತೆಗೇ ನಡೆಯುತ್ತಾನೆ. ಕಥೆಯ ಕಣ್ಣು ಮಾತ್ರ ಯಜಮಾನನದು. ನಿಷ್ಠಾವಂತ ಸೇವಕ, ಇಲ್ಲವೆ ಕಾಡುಮನುಷ್ಯ: ಆಳಿಸಿಕೊಂಡವನಿಗೆ ಪರರ ಕಥೆಯಲ್ಲಿ ಸಿಗುವ ವೇಷ ಹೆಚ್ಚಾಗಿ ಇವೆರಡೇ. 1973ರಿಂದೀಚೆಗೆ ಆ ಗಡಿಯ ವಿಂಡೋಲಾಂಡ ಠಾಣ್ಯದ ಮಣ್ಣಿನಲ್ಲಿ ಮರದ ತೆಳುಹಲಗೆಗಳ ಮೇಲಿನ ರೋಮನ್ ಓಲೆಗಳು ಸಿಕ್ಕಿವೆ. ಒಂದರಲ್ಲಿ ಅಲ್ಲಿನವರನ್ನು 'ಬ್ರಿಟುಂಕುಲಿ' ಎಂದಿದ್ದಾರೆ. ಬಡಪಾಯಿ ಬ್ರಿಟನ್ನರು ಎಂಬ ತಾತ್ಸಾರ.

ನಮ್ಮ ಭಾಗ್ಯ ದೊಡ್ಡದು. ಕಿತ್ತೂರಿನ ಕಥೆ ಕಲೆಕ್ಟರನ ಕಡತದಲ್ಲಷ್ಟೇ ಉಳಿಯಲಿಲ್ಲ. ಲಾವಣಿಯಲ್ಲಿ ಉಳಿಯಿತು, ಬೀಸುವ ಕಲ್ಲಿನ ಮುಂದೆ ಉಳಿಯಿತು. 1961ರಲ್ಲಿ ಬಿ. ಆರ್. ಪಂತುಲು ಅವರ ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾಗಿ ಬಂದರು. ಹೊಗಳಿಕೆಯಷ್ಟೇ ನಮ್ಮವರಿಗೆ ಬರುತ್ತದೆಂದು ಯಾರೂ ತಿಳಿಯಬಾರದು. ಸ್ವತಃ ಮೈಸೂರಿನ ಸರ್ಕಾರಿ ಸೇವೆಯಲ್ಲಿದ್ದ ಮಾಸ್ತಿಯವರು 1956ರ 'ಚಿಕವೀರ ರಾಜೇಂದ್ರ' ಕಾದಂಬರಿಯಲ್ಲಿ, 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾದದ್ದನ್ನು ಬರೆದರು. ಅಲ್ಲಿ ಅರಸನ ದುರಾಚಾರಕ್ಕೆ ಮುಸುಕಿಲ್ಲ. ಇಂಗ್ಲಿಷರಿಗೆ ದಾರಿ ಬಿಟ್ಟ ಮಂತ್ರಿ ಬೋಪಣ್ಣನು ಬರಿಯ ದ್ರೋಹಿಯೂ ಅಲ್ಲ. ಜನರು ಬದುಕಬೇಕೆಂದು ಒದ್ದಾಡಿದ ಮನುಷ್ಯ. ನಮ್ಮ ತಪ್ಪನ್ನು ನಮ್ಮವರೇ ಬರೆದಾಗ ಅದರೊಳಗೆ ನೋವಿರುತ್ತದೆ. ಪರರು ಬರೆದಾಗ ತೀರ್ಪಷ್ಟೇ ಇರುತ್ತದೆ.

ಭೋಸರಿಯಲ್ಲಿ ನಮ್ಮನ್ನು ಯಾರೂ ಆಳುತ್ತಿಲ್ಲ. ಕಾರ್ಖಾನೆಯ ಪಾಳಿಗೆ ಹೋಗುವವರು, ಕಚೇರಿಗೆ ಹೋಗುವವರು, ಎಲ್ಲರೂ ಮರಾಠಿ ನೆರೆಹೊರೆಯೊಡನೆ ಅಣ್ಣತಮ್ಮಂದಿರಂತೆ ಇದ್ದೇವೆ. ನಮ್ಮ ಮಕ್ಕಳಿಗೆ ಶಿವಾಜಿ ಮಹಾರಾಜರ ಕೋಟೆಗಳ ಹೆಸರು ಬಾಯಿಪಾಠ, ಸಂತೋಷದ ಮಾತೇ. ಆದರೆ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರೆಂಬುದನ್ನು ಅವರಿಗೆ ಹೇಳುವ ಹೊಣೆ ಮನೆಯದು. ನಾವು ಹೇಳದೆ ಹೋದರೆ ನಾಳೆ ಅವರು ನಮ್ಮನ್ನು ಪರರ ಪುಸ್ತಕದಲ್ಲಿ ಹುಡುಕಬೇಕಾದೀತು. ಅಲ್ಲಿ ಯಾವ ವೇಷದಲ್ಲಿ ಸಿಕ್ಕೇವೋ ಬಲ್ಲವರಾರು? ಆದ್ದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದೇ ಬಿನ್ನಹ: ಊರಿನಿಂದ ಹಿರಿಯರು ಬಂದಾಗ ಟೀವಿಯನ್ನು ಒಂದು ತಾಸು ಆರಿಸಿ, ಅವರ ಬಾಯಿಂದ ಒಂದು ಕಥೆ ಹೇಳಿಸಿರಿ. ಬರೆದುಕೊಳ್ಳಲು ಮಕ್ಕಳ ಕೈಗೊಂದು ವಹಿ ಕೊಡಿರಿ.