ವಿನ್ನಿಪೆಗ್‌ನ ವ್ಯಾನು, ನಮ್ಮ ಹುಳು ಮನೆ

ಚಳಿಗಾಲ ಬಂತೆಂದರೆ ನಮ್ಮನೆಯಲ್ಲಿ ಎರಡು ಥರ್ಮಾಮೀಟರ್ ನೋಡುತ್ತೇವೆ. ಒಂದು ರೇಷ್ಮೆ ಹುಳು ಮನೆಯ ಗೋಡೆಗೆ ನೇತುಹಾಕಿರುವುದು. ಇನ್ನೊಂದು ಫೋನಿನಲ್ಲಿದೆ. ಅದು ತೋರಿಸುವುದು ಕೆನಡಾ ದೇಶದ ವಿನ್ನಿಪೆಗ್ ಎಂಬ ಊರಿನಲ್ಲಿ, ಒಂದು ಬಾಡಿಗೆ ಮನೆಯ ಪಕ್ಕ ನಿಂತಿರುವ ಬಿಳಿ ವ್ಯಾನಿನೊಳಗೆ ಎಷ್ಟು ಚಳಿ ಇದೆ ಎಂಬುದನ್ನು.

ಆ ವ್ಯಾನು ನಮ್ಮ ತಮ್ಮನದು. ಸೆಕೆಂಡ್ ಹ್ಯಾಂಡ್. ಅದಕ್ಕೆ ಹಾಕಿದ ದುಡ್ಡಿನಲ್ಲಿ ಅರ್ಧದಷ್ಟು ಶಿಡ್ಲಘಟ್ಟದ ಕಡೆ ಇರುವ ನಮ್ಮ ಎರಡು ಎಕರೆ ಹಿಪ್ಪುನೇರಳೆ ತೋಟದ ಮೇಲಿನ ಸಾಲ. ನಾವು ಸ್ಟ್ರಿಂಗರ್‌ಗಳು. ಪ್ರಕಟವಾದ ಸುದ್ದಿಗೆ ಇಷ್ಟು ಎಂದು ಲೆಕ್ಕ, ತಿಂಗಳ ಸಂಬಳ ಇಲ್ಲ. ಸಾಲ ತೀರಬೇಕಾದರೆ ಇಲ್ಲಿ ಗೂಡು ಆಗಬೇಕು, ಅಲ್ಲಿ ವ್ಯಾನು ಓಡಬೇಕು. ಹಾಗಾಗಿ ವ್ಯಾನಿಗೆ ಚಳಿಯಾದರೆ ನಮಗೂ ನಡುಕ.

ಅವನ ಕೆಲಸ ಏನೆಂದು ಊರಿನವರು ಕೇಳಿದಾಗಲೆಲ್ಲ ಅಮ್ಮ ಹೇಳುವುದು ಒಂದೇ ಮಾತು: "ಅಲ್ಲಿ ನೆಲಕ್ಕೆಲ್ಲ ಜಮಖಾನ ಅಂಟಿಸಿರ್ತಾರಂತೆ. ಗುಡಿಸಿದ್ರೆ ಹೋಗಲ್ಲ. ನಮ್ಮೋನು ಹೋಗಿ ತೊಳೀತಾನೆ." ಸರಿಯಾಗೇ ಹೇಳುತ್ತಾಳೆ. ವ್ಯಾನಿನೊಳಗೆ ನೀರಿನ ಟ್ಯಾಂಕು, ಪಂಪು, ನೀರು ಕಾಯಿಸುವ ಯಂತ್ರ, ಉದ್ದುದ್ದ ಪೈಪುಗಳಿವೆ. ಬಿಸಿನೀರನ್ನು ಕಾರ್ಪೆಟ್ಟಿನೊಳಗೆ ಚಿಮ್ಮಿಸಿ, ಕೊಳೆ ಸಮೇತ ಹಿಂದಕ್ಕೆ ಎಳೆಯುವುದು ಕೆಲಸ. ಚಳಿಗಾಲದಲ್ಲೂ ಇದಕ್ಕೆ ಗಿರಾಕಿ ಇರುತ್ತಾರೆ. ಹಿಮ ಕರಗಲಿ ಎಂದು ರಸ್ತೆಗೆ ಎರಚುವ ಉಪ್ಪು ಬೂಟಿಗೆ ಅಂಟಿಕೊಂಡು ಮನೆಯೊಳಗೆ ಬರುತ್ತದಲ್ಲ, ಅದರ ಕಲೆ ತೆಗೆಸಬೇಕು.

ಕಷ್ಟ ಇರುವುದು ಒಂದೇ. ವ್ಯಾನಿನಲ್ಲಿ ಇರುವುದೆಲ್ಲ ನೀರು. ಊರು ವಿನ್ನಿಪೆಗ್.

ನಮ್ಮ ಕಡೆ ಡಿಸೆಂಬರ್ ರಾತ್ರಿ 13 ಡಿಗ್ರಿಗೆ ಇಳಿದರೆ ಹಲ್ಲು ಕಟಕಟ ಅನ್ನುತ್ತವೆ. ಅಲ್ಲಿ ಜನವರಿ ರಾತ್ರಿ ಮೈನಸ್ 30ಕ್ಕೆ ಇಳಿಯುವುದು ದೊಡ್ಡ ಸುದ್ದಿಯೇ ಅಲ್ಲ. ಅಲ್ಲಿನ ಕಾರುಗಳ ಮೂತಿಯಿಂದ ಒಂದು ಕರೆಂಟ್ ಪ್ಲಗ್ ನೇತಾಡುತ್ತಿರುತ್ತದೆ. ಮೊದಲ ಸಲ ವೀಡಿಯೊದಲ್ಲಿ ನೋಡಿ ನಾವು ನಕ್ಕುಬಿಟ್ಟೆವು. ಎಂಜಿನ್ನಿನೊಳಗೆ ಒಂದು ಸಣ್ಣ ಹೀಟರ್ ಇರುತ್ತದಂತೆ. ರಾತ್ರಿ ಪ್ಲಗ್ ಹಾಕಿಟ್ಟರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತದೆ.

ಎಂಜಿನ್ನಿಗೆ ಆ ವ್ಯವಸ್ಥೆ ಇತ್ತು, ಹಿಂದಿದ್ದ ನೀರಿಗೆ ಇರಲಿಲ್ಲ. ನೀರು ಗಡ್ಡೆ ಕಟ್ಟುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಹಿತ್ತಾಳೆ ಇರಲಿ, ಕಬ್ಬಿಣ ಇರಲಿ, ಅದು ಕೇಳುವುದಿಲ್ಲ. ಮೊದಲ ಚಳಿಗಾಲದಲ್ಲೇ ತಮ್ಮ ಇದಕ್ಕೆ ಬೆಲೆ ತೆತ್ತ. ವ್ಯಾನಿನೊಳಗೆ 1500 ವಾಟಿನ ಎಲೆಕ್ಟ್ರಿಕ್ ಹೀಟರ್ ಇಟ್ಟು, ಮನೆಯಿಂದ ವೈರು ಎಳೆದು, ನಿಶ್ಚಿಂತೆಯಿಂದ ಮಲಗಿದ್ದ. ಬೆಳಿಗ್ಗೆ ನೋಡಿದರೆ ಹೀಟರ್ ಉರಿಯುತ್ತಲೇ ಇದೆ, ಪಂಪಿನ ತಲೆ ಸೀಳಿದೆ. ರಿಪೇರಿ ಖರ್ಚು ನಮ್ಮ ಲೆಕ್ಕದಲ್ಲಿ ಲಕ್ಷ ದಾಟಿತು. ಎರಡು ವಾರ ಕೆಲಸವೂ ಇಲ್ಲ.

ಹೀಟರ್ ಉರಿಯುತ್ತಿದ್ದರೂ ಹೀಗೇಕಾಯಿತು? ಉತ್ತರ ನಮ್ಮ ಹುಳು ಮನೆಯಲ್ಲೇ ಇತ್ತು. ಹೆಂಚಿನ ಸಂದು, ಕಿಟಕಿಯ ಬಿರುಕು ಮುಚ್ಚದೆ ಎಷ್ಟು ಬೆಂಕಿ ಹಾಕಿದರೂ ಕಾವು ನಿಲ್ಲುವುದಿಲ್ಲ. ವ್ಯಾನಿನ ಗೋಡೆ ಎಂದರೆ ಬರೀ ತಗಡು. ಒಳಗಿನ ಕಾವನ್ನು ತಗಡು ಹೊರಗಿನ ಚಳಿಗೆ ದಾಟಿಸುತ್ತಲೇ ಇತ್ತು. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಪಂಪು ಸರಿಹೋದ ಮೇಲೆ ತಮ್ಮ ಒಳಗೋಡೆಗೆಲ್ಲ ಎರಡಿಂಚು ದಪ್ಪದ ಫೋಮ್ ಹಲಗೆ ಹೊಡೆಯಲು ಶುರುಮಾಡಿದ. ನಮ್ಮ ಥರ್ಮಾಕೋಲ್‌ನ ಜಾತಿಯದೇ, ಆದರೆ ಗಟ್ಟಿ. ಒಂದು ದಿನ ರಾತ್ರಿ ಎಂಟೂವರೆಗೆ ವೀಡಿಯೊ ಕಾಲ್ ಮಾಡಿದ. ಅಲ್ಲಿ ಬೆಳಿಗ್ಗೆ ಒಂಬತ್ತು. ವ್ಯಾನಿನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ. ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್ ಮೇಲೆ ಕೆಂಪಗೆ ಉರಿಯುವ ಒಂದು ಹೀಟರ್.

"ನೋಡಣ್ಣ, ಕರೆಂಟೇ ಬೇಡ. ಐದು ನಿಮಿಷದಲ್ಲಿ ಒಳಗೆಲ್ಲ ಬೆಚ್ಚಗೆ."

ಅಮ್ಮ ಫೋನು ಕಿತ್ತುಕೊಂಡಳು. "ಹೊಗೆ ಎಲ್ಲಿಗೆ ಹೋಗ್ತದೆ?"

"ಹೊಗೇನೇ ಬರಲ್ಲಮ್ಮ ಇದರಲ್ಲಿ."

"ನಿಮ್ಮಪ್ಪನೂ ಅದನ್ನೇ ಹೇಳಿದ್ದು. ಮೊದಲು ಬಾಗಿಲು ತೆಗೆದು ಆಚೆ ಬಾ. ಆಮೇಲೆ ಮಾತಾಡು."

ಅವನು ಆಚೆ ಬಂದ. ಬಂದ ಮೇಲೆ ಹೇಳಿದ, ಬೆಳಿಗ್ಗೆಯಿಂದ ಯಾಕೋ ತಲೆ ಸಿಡಿಯುತ್ತಿತ್ತು, ವಾಂತಿ ಬಂದ ಹಾಗಾಗುತ್ತಿತ್ತು ಎಂದು. ಚಳಿಗೆ ಹಾಗಾಗಿದೆ ಅಂದುಕೊಂಡಿದ್ದನಂತೆ.

ಅಪ್ಪನ ಕಥೆ ನಮ್ಮನೆಯಲ್ಲಿ ಯಾರೂ ಹೆಚ್ಚು ಮಾತಾಡದ ಕಥೆ. ನಾವಿನ್ನೂ ಹೈಸ್ಕೂಲಿನಲ್ಲಿದ್ದೆವು. ಧನುರ್ಮಾಸದ ಚಳಿ. ಚಾಕಿ ಹುಳು. ಚಾಕಿಗೆ 27-28 ಡಿಗ್ರಿ ಕಾವು ಬೇಕು. ಕಾವು ಕಮ್ಮಿಯಾದರೆ ಹುಳು ಸೊಪ್ಪು ಮುಟ್ಟುವುದಿಲ್ಲ, ಜ್ವರಕ್ಕೆ ಕೂರುವುದು ತಡವಾಗುತ್ತದೆ, ಬೆಳೆ ಏರುಪೇರಾಗುತ್ತದೆ. ಅಪ್ಪ ಇದ್ದಿಲನ್ನು ಹೊರಗೇ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆದಮೇಲೆ ಅಗ್ಗಿಷ್ಟಿಕೆಯನ್ನು ಒಳಗಿಟ್ಟು, ಬಾಗಿಲು ಕಿಟಕಿಗೆ ಗೋಣಿಚೀಲ ತುರುಕಿ, ಹುಳುವಿನ ಜೊತೆ ತಾನೂ ಮಲಗಿದರು. ಬೆಳಗಿನ ಜಾವ ಸೊಪ್ಪು ಹಾಕಲು ಅಮ್ಮ ಹೋದಾಗ ಎಬ್ಬಿಸಿದರೆ ಏಳಲಿಲ್ಲ. ಅಂಗಳಕ್ಕೆ ಎಳೆದು ಹಾಕಿ, ಅಕ್ಕಪಕ್ಕದವರನ್ನು ಕೂಗಿ, ಆಸ್ಪತ್ರೆಗೆ ಸಾಗಿಸಿದೆವು. ಆಮ್ಲಜನಕ ಕೊಟ್ಟ ಮೇಲೆ ಕಣ್ಣು ಬಿಟ್ಟರು. ಅಮ್ಮ ಇನ್ನೊಂದು ಗಂಟೆ ತಡವಾಗಿ ಎದ್ದಿದ್ದರೆ ಎಂಬ ಮಾತನ್ನು ನಾವು ಇವತ್ತಿಗೂ ಪೂರ್ತಿ ಮಾಡುವುದಿಲ್ಲ.

ಊರಿನಲ್ಲಿ ಆಗ ಗಾಳಿ ಸೋಕಿದೆ ಅಂದರು. ಅದು ಗಾಳಿಯ ಕೆಲಸವೇ, ಆದರೆ ಬೇರೆ ಗಾಳಿ. ನಾವು ವರದಿಗಾರರಾದ ಮೇಲೆ, ಇಂಥದ್ದೇ ಒಂದು ಸುದ್ದಿಗೆ ಹೋದಾಗ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಇದ್ದಿಲು, ಗ್ಯಾಸ್, ಪೆಟ್ರೋಲ್ ಯಾವುದೇ ಇರಲಿ, ಸರಿಯಾಗಿ ಗಾಳಿ ಸಿಗದೆ ಉರಿದಾಗ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ. ಆ ನಿದ್ದೆಯೇ ಅಪಾಯ. ಹೊಗೆ ಇಲ್ಲದ ಕೆಂಡ ಸೇಫ್ ಎಂದು ನಾವೆಲ್ಲ ನಂಬಿದ್ದೆವು. ಕೆಂಡದಿಂದಲೇ ಅದು ಹೆಚ್ಚು ಬರುವುದು.

ತಮ್ಮ ಅವತ್ತೇ ಆ ಹೀಟರನ್ನು ವ್ಯಾನಿನಿಂದ ಇಳಿಸಿದ. ಸುತ್ತ ಹತ್ತಿಕೊಳ್ಳುವ ಫೋಮ್, ನಡುವೆ ತೆರೆದ ಬೆಂಕಿ. ಅದೂ ಒಂದು ಅಪಾಯವೇ ಆಗಿತ್ತು.

ಆಮೇಲೆ ಅವನು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇವೆ. ಮೊದಲು ನೆಲ, ಗೋಡೆ, ಸೂರು, ಹಿಂದಿನ ಬಾಗಿಲು ಎಲ್ಲಕ್ಕೂ ಫೋಮ್ ಹಲಗೆ. ಹಲಗೆ ಹಲಗೆಯ ನಡುವಿನ ಸಂದಿಗೆ ಟೇಪು. ಈ ಟೇಪು ಯಾಕೆ ಮುಖ್ಯ ಎಂದರೆ, ಒಳಗಿನ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ಅದು ಸಂದಿಯಲ್ಲಿ ನುಗ್ಗಿ ತಣ್ಣನೆ ತಗಡಿಗೆ ತಾಕಿದರೆ ಅಲ್ಲೇ ಹನಿಯಾಗಿ, ತಗಡು ತುಕ್ಕು ಹಿಡಿಯುತ್ತದೆ. ವ್ಯಾನಿನ ಕಬ್ಬಿಣದ ಪಟ್ಟಿಗಳನ್ನೂ ಮುಚ್ಚಬೇಕು. ಅವನು ಮೊದಲು ಅವನ್ನು ಹಾಗೇ ಬಿಟ್ಟಿದ್ದ. ಒಂದು ಬೆಳಿಗ್ಗೆ ಆ ಪಟ್ಟಿಗಳ ಮೇಲೆ, ಸ್ಕ್ರೂ ತಲೆಗಳ ಮೇಲೆ ಮಾತ್ರ ಬೆಳ್ಳಗೆ ಹಿಮ ಕೂತಿತ್ತು. ಕಾವು ಓಡಿಹೋಗುವ ದಾರಿ ಯಾವುದೆಂದು ಹಿಮವೇ ತೋರಿಸಿಕೊಟ್ಟಿತು. ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಬಿಟ್ಟ. ನಮ್ಮ ಅಜ್ಜಿ ಹಳೇ ಸೀರೆಗಳನ್ನು ಸೇರಿಸಿ ಹೊಲಿಯುತ್ತಿದ್ದ ಕೌದಿಯ ಲೆಕ್ಕವೇ ಇದು. ಬೆಚ್ಚಗಿಡುವುದು ಬಟ್ಟೆಯಲ್ಲ, ಪದರದ ನಡುವೆ ಅಲ್ಲಾಡದೆ ನಿಂತ ಗಾಳಿ.

ಆಮೇಲೆ ಅದೇ ಹಳೇ 1500 ವಾಟಿನ ಹೀಟರನ್ನೇ ಇಟ್ಟ, ಫೋಮಿನಿಂದ ದೂರಕ್ಕೆ. 8 ಡಿಗ್ರಿಗೆ ಥರ್ಮೋಸ್ಟಾಟ್. ಈಗ ಅದು ಸ್ವಲ್ಪ ಹೊತ್ತು ಉರಿದು, ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಹೀಟರ್ ಬದಲಾಗಿಲ್ಲ, ವ್ಯಾನಿನ ಗೋಡೆ ಬದಲಾಗಿದೆ.

ಹಗಲು ಕೆಲಸದ ಜಾಗದಲ್ಲಿ ಕರೆಂಟ್ ಸಿಗುವುದಿಲ್ಲ. ಅದಕ್ಕೆ ಮುಂದಿನ ವರ್ಷ ದುಡ್ಡು ಕೂಡಿಸಿ ಡೀಸೆಲ್ ಹೀಟರ್ ಹಾಕಿಸಿದ. ಅದರೊಳಗೆ ಬೆಂಕಿ ಇರುವುದು ನಿಜ. ಆದರೆ ಆ ಬೆಂಕಿ ಉರಿಯುವ ಗಾಳಿಯನ್ನು ವ್ಯಾನಿನ ತಳದಿಂದ ಎಳೆದುಕೊಂಡು, ಹೊಗೆಯನ್ನೂ ತಳದಿಂದಲೇ ಆಚೆ ಬಿಡುತ್ತದೆ. ಒಳಗೆ ಬರುವುದು ಬಿಸಿಗಾಳಿ ಮಾತ್ರ. ಹಾಗಿದ್ದರೂ ವಿಷಗಾಳಿ ಬಂದರೆ ಕಿರುಚುವ ಒಂದು ಅಲಾರಂ ತಗುಲಿಸಿದ್ದಾನೆ. ಎರಡು ದಿನ ಕೆಲಸ ಇಲ್ಲವೆಂದರೆ ನೀರನ್ನೆಲ್ಲ ಬಸಿದು, ಪೈಪಿನಲ್ಲಿ ಗಾಳಿ ಊದಿ ಬಿಡುತ್ತಾನೆ. ನೀರೇ ಇಲ್ಲದಿದ್ದರೆ ಗಡ್ಡೆ ಕಟ್ಟುವುದೇನು?

ಪಂಪಿನ ಪಕ್ಕ ವೈಫೈ ಥರ್ಮಾಮೀಟರ್ ಇಟ್ಟು ನಮ್ಮ ಫೋನಿಗೂ ಜೋಡಿಸಿದ್ದು ನಮ್ಮ ಮನೆಯವಳ ಉಪಾಯ. ಅವನ ರಾತ್ರಿ ನಮಗೆ ಹಗಲು. ಅವನು ಮಲಗಿದಾಗ ನಾವು ಎದ್ದಿರುತ್ತೇವೆ. 5 ಡಿಗ್ರಿಗಿಂತ ಕೆಳಗಿಳಿದರೆ ಫೋನು ಕೂಗಬೇಕು.

ಕಳೆದ ಜನವರಿಯಲ್ಲಿ ಒಂದು ದಿನ ಮಧ್ಯಾಹ್ನ ಮುಕ್ಕಾಲು ಗಂಟೆಗೆ ಅದು ಕೂಗಿತು. ಅಲ್ಲಿ ರಾತ್ರಿ ಒಂದೂಕಾಲು. ಹೊರಗೆ ಮೈನಸ್ 29, ಒಳಗೆ 4.6. ನಾವು ಸೊಪ್ಪು ಬಿಟ್ಟು ಎದ್ದೆವು. ಫೋನು ಮಾಡಿದರೆ ಎತ್ತಲಿಲ್ಲ. 4.1. ಮತ್ತೆ ಮಾಡಿದೆವು. 3.7. ಅಮ್ಮ ಮಾತಾಡದೆ ಸೆರಗು ಹಿಡಿದುಕೊಂಡು ನಿಂತಿದ್ದಳು. ಕೊನೆಗೆ ಅವನ ರೂಮಿನ ಹುಡುಗನ ನಂಬರ್ ಹುಡುಕಿ ಮಾಡಿದೆವು. ಆ ಹುಡುಗ ಹೋಗಿ ಅವನನ್ನು ಎಬ್ಬಿಸಿದ. ನೋಡಿದರೆ ಮೇಲಿನ ಮನೆಯವರು ತಮ್ಮ ಕಾರಿನ ಎಂಜಿನ್ ಹೀಟರನ್ನು ಅದೇ ಲೈನಿಗೆ ಹಾಕಿ, ಲೋಡು ಹೆಚ್ಚಾಗಿ ಫ್ಯೂಸ್ ಟ್ರಿಪ್ ಆಗಿತ್ತು.

1.8ಕ್ಕೆ ಇಳಿದು ನಿಂತಿತು. ಆಮೇಲೆ 2, 2.5, 3. ಪಂಪು ಉಳಿಯಿತು. ಬರೀ ತಗಡಿನ ವ್ಯಾನಾಗಿದ್ದರೆ ನಾವು ನಂಬರ್ ಹುಡುಕುವಷ್ಟರಲ್ಲೇ ಎಲ್ಲ ಮುಗಿದಿರುತ್ತಿತ್ತು. ಆ ಎರಡಿಂಚು ಫೋಮ್ ನಮಗೆ ಕೊಟ್ಟದ್ದು ಫೋನು ಮಾಡುವಷ್ಟು ಸಮಯ.

ಅಲ್ಲಿಂದ ಕಲಿತದ್ದನ್ನು ಇಲ್ಲೂ ಮಾಡಿದ್ದೇವೆ. ಹುಳು ಮನೆಯ ಸೂರಿನ ಕೆಳಗೆ ಥರ್ಮಾಕೋಲ್ ಹಾಳೆ ಹೊಡೆಸಿದೆವು, ಗೋಡೆ ಬಿರುಕು ಮುಚ್ಚಿದೆವು. ಥರ್ಮೋಸ್ಟಾಟ್ ಇರುವ ಎಲೆಕ್ಟ್ರಿಕ್ ಹೀಟರ್ ತಂದೆವು, ಥರ್ಮಾಕೋಲಿಗೆ ತಾಗದ ಹಾಗೆ. ಕರೆಂಟ್ ಹೋದ ರಾತ್ರಿ ಇದ್ದಿಲು ಇಡುವುದೇ ಆದರೆ ಮೇಲಿನ ಗವಾಕ್ಷಿ ತೆರೆದಿರಬೇಕು, ಒಳಗೆ ಯಾರೂ ಮಲಗಬಾರದು. ಇದು ಅಮ್ಮನ ಕಾನೂನು.

ಓದುವ ನೀವೂ ಹುಳು ಸಾಕುವವರಿರಬಹುದು, ಕೋಳಿಮರಿ ಸಾಕುವವರಿರಬಹುದು, ಚಳಿಯಲ್ಲಿ ಉತ್ತರದ ಕಡೆ ಲಾರಿ ಓಡಿಸುವವರಿರಬಹುದು. ಕ್ಯಾಬಿನ್ನಿನೊಳಗೆ ಸ್ಟೌ ಹಚ್ಚಿ ಗಾಜು ಏರಿಸಿ ಮಲಗಬೇಡಿ. ಮೊದಲು ಕಾವು ಓಡಿಹೋಗುವ ದಾರಿ ಮುಚ್ಚಿ, ಆಮೇಲೆ ಕಾವು ಕೊಡಿ. ನಾವು ಉಸಿರಾಡುವ ಜಾಗದಲ್ಲಿ ಬೆಂಕಿ ಉಸಿರಾಡಬಾರದು. ಮುಚ್ಚಿದ ಕೋಣೆಯಲ್ಲಿ ತಲೆ ಭಾರವಾದರೆ ಚಳಿ ಎನ್ನಬೇಡಿ, ಎದ್ದು ಆಚೆ ಬನ್ನಿ, ಜೊತೆಯಲ್ಲಿರುವವರನ್ನೂ ಎಳೆದು ತನ್ನಿ, ಆಸ್ಪತ್ರೆಗೆ ಹೋಗಿ.

ಇದನ್ನು ಬರೆಯುವ ಹೊತ್ತಿಗೆ ನಮ್ಮ ಹುಳು ಎರಡನೇ ಜ್ವರದಿಂದ ಎದ್ದಿವೆ. ಗೋಡೆಯ ಥರ್ಮಾಮೀಟರ್ 27 ತೋರಿಸುತ್ತಿದೆ. ಅಮ್ಮ ಸೊಪ್ಪು ಹೆಚ್ಚುತ್ತಾ ಒಳಗಿನಿಂದಲೇ ಕೇಳುತ್ತಿದ್ದಾಳೆ, "ವ್ಯಾನು ಎಷ್ಟಿದೆ?"

"ಎಂಟು ಇದೆಯಮ್ಮ."

"ಸರಿ, ಹಾಗಾದ್ರೆ ಮಲಗಿರ್ತಾನೆ."